ಬೋಲ್ಟ್ ಸುಮ್ನೆ ತಿರುಗ್ತಾ ಇದೆಯಾ? ಹಳೇ ಕಾರಿಗೆ ಹೊಸ ಥ್ರೆಡ್ ಹಾಕೋದು ಹೀಗೆ

ಬೋಲ್ಟ್ ಬಿಗಿಯುವಾಗ ಅಪಾಯ ಮೊದಲು ಗೊತ್ತಾಗುವುದು ಕೈಗೆ. ಬಿಗಿ, ಬಿಗಿ, ಇನ್ನೊಂದು ಚೂರು ಬಿಗಿ ಎನ್ನುವಾಗಲೇ ಸ್ಪ್ಯಾನರ್ ಹಗುರವಾಗಿಬಿಡುತ್ತದೆ. ಎಷ್ಟು ತಿರುಗಿಸಿದರೂ ಬೋಲ್ಟ್ ಕೂರುವುದಿಲ್ಲ. ನಮ್ಮ ಮನೆಯ ಪ್ರೀಮಿಯರ್ ಪದ್ಮಿನಿಯ ಎಂಜಿನ್ ಹೆಡ್‌ನಲ್ಲಿ ಹೀಗಾದಾಗ ತಪ್ಪು ನನ್ನದೇ. ಪಕ್ಕದ ಬೋಲ್ಟಿಗಿಂತ ಇದು ಸ್ವಲ್ಪ ಸಡಿಲ ಅನ್ನಿಸಿತು, ಉದ್ದದ ಸ್ಪ್ಯಾನರ್ ಹಾಕಿ ಎಳೆದೆ.

ಪದ್ಮಿನಿಯ ಎಂಜಿನ್ ಬ್ಲಾಕ್ ಬೀಡು ಕಬ್ಬಿಣ, ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ ಅಲ್ಯೂಮಿನಿಯಂ. ಬೋಲ್ಟ್ ಉಕ್ಕಿನದು. ಉಕ್ಕು ಮತ್ತು ಅಲ್ಯೂಮಿನಿಯಂ ಜಗಳವಾಡಿದರೆ ಸೋಲುವುದು ಯಾವಾಗಲೂ ಅಲ್ಯೂಮಿನಿಯಂ. ಹಾಗಂತ ಹೆಡ್ ಬದಲಾಯಿಸಬೇಕಿಲ್ಲ. ಹೆಲಿಕಾಯಿಲ್ ಹಾಕಿದರೆ ಸಾಕು. ಅದು ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಸಣ್ಣ ಸ್ಪ್ರಿಂಗ್. ಹೊರಮೈ ಹೊಸದಾಗಿ ಕೊರೆದ ತೂತಿಗೆ ಹಿಡಿದುಕೊಳ್ಳುತ್ತದೆ, ಒಳಮೈ ನಿಮ್ಮ ಹಳೇ ಬೋಲ್ಟಿಗೇ ಥ್ರೆಡ್ (ಬೋಲ್ಟನ್ನು ಹಿಡಿಯುವ ಸುರುಳಿ ಹಲ್ಲು) ಆಗುತ್ತದೆ. ಅಲ್ಯೂಮಿನಿಯಂನಲ್ಲಿ ಮೊದಲಿದ್ದ ಥ್ರೆಡ್‌ಗಿಂತ ಇದೇ ಗಟ್ಟಿ.

ಮೊದಲು ಕೆಟ್ಟದ್ದು ಯಾವುದು ನೋಡಿ

ಬೋಲ್ಟನ್ನು ಹೊರಗೆ ತೆಗೆಯಿರಿ. ಅದರ ಥ್ರೆಡ್ ತುಂಬ ಬೆಳ್ಳಗೆ ಹೊಳೆಯುವ ಸುರುಳಿ ಸಿಕ್ಕಿಕೊಂಡಿದ್ದರೆ ಹೋಗಿರುವುದು ತೂತಿನ ಥ್ರೆಡ್. ಬೋಲ್ಟ್ ನಡುವೆ ಸಣ್ಣಗಾಗಿದ್ದರೆ ಅದು ಎಳೆದುಹೋಗಿದೆ, ಹೊಸ ಬೋಲ್ಟ್ ಹಾಕಿ ನೋಡಿ. ತೂತಿನೊಳಗೆ ಕಡ್ಡಿ ಇಳಿಸಿ ಆಳವನ್ನೂ ಅಳೆಯಿರಿ. ಹಳೇ ಬೋಲ್ಟ್ ತಳದವರೆಗೆ ಹೋಗುತ್ತಿರಲಿಲ್ಲ ಅಂದರೆ ಕೆಳಗೆ ಒಳ್ಳೆಯ ಥ್ರೆಡ್ ಉಳಿದಿರಬಹುದು. ಆಗ ಸ್ವಲ್ಪ ಉದ್ದದ ಬೋಲ್ಟೇ ಸಾಕು.

ಅಳತೆ: ಇಲ್ಲಿ ಎಡವಿದರೆ ಮುಂದಿನದೆಲ್ಲ ವ್ಯರ್ಥ

ಪದ್ಮಿನಿ ಫಿಯೆಟ್ ಮೂಲದ್ದು, ಹಾಗಾಗಿ ಮೆಟ್ರಿಕ್ ಅಳತೆ. ನಾನು ಕೆಡಿಸಿದ್ದು ಎಂ8, ಅಂದರೆ 8 ಮಿಲಿಮೀಟರ್ ದಪ್ಪ, ಒಂದು ಥ್ರೆಡ್‌ನಿಂದ ಇನ್ನೊಂದಕ್ಕೆ 1.25 ಮಿಲಿಮೀಟರ್. ಅಂಬಾಸಿಡರ್ ಕಥೆ ಬೇರೆ. ಅದರ ಹಳೇ 1489 ಸಿಸಿ ಎಂಜಿನ್ ಬ್ರಿಟನ್ನಿನ ಬಿಎಂಸಿ ಕಂಪನಿಯಿಂದ ಬಂದದ್ದು, ಅಲ್ಲಿ ಇಂಚಿನ ಲೆಕ್ಕ. 5/16 ಇಂಚಿನ ಯುಎನ್ಎಫ್ (ಇಂಚಿನ ಲೆಕ್ಕದ ಸಣ್ಣ ಥ್ರೆಡ್) ಬೋಲ್ಟ್ 7.94 ಮಿಲಿಮೀಟರ್ ದಪ್ಪ. ಕೈಯಲ್ಲಿ ಹಿಡಿದರೆ ಎಂ8ಕ್ಕೂ ಇದಕ್ಕೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಆದರೆ ಇದರಲ್ಲಿ ಇಂಚಿಗೆ 24 ಥ್ರೆಡ್, ಎಂ8ರಲ್ಲಿ ಸುಮಾರು 20. ಡಬ್ಬಿಯಲ್ಲಿ ಸಿಕ್ಕ ಎಂ8 ಬೋಲ್ಟನ್ನು ಅಂಬಾಸಿಡರ್‌ಗೆ ಒತ್ತಿ ತಿರುಗಿಸಿದರೆ ಎರಡು ಸುತ್ತು ಹೋಗುತ್ತದೆ, ಆಮೇಲೆ ಥ್ರೆಡ್ಡನ್ನೇ ಕಿತ್ತುಕೊಂಡು ಹೋಗುತ್ತದೆ. ನಂತರ ಬಂದ ಇಸುಜು ಎಂಜಿನ್ನಿನ ಅಂಬಾಸಿಡರ್‌ನಲ್ಲಿ ಮತ್ತೆ ಮೆಟ್ರಿಕ್! ಅದಕ್ಕೇ ಪಿಚ್ ಗೇಜ್ (ಥ್ರೆಡ್‌ಗಳ ನಡುವಿನ ಅಂತರ ಅಳೆಯುವ ಹಲ್ಲಿನ ಪಟ್ಟಿ) ಇಟ್ಟು ನೋಡಿ. ಅದಿಲ್ಲದಿದ್ದರೆ ಗೊತ್ತಿರುವ ಬೋಲ್ಟ್ ಪಕ್ಕದಲ್ಲಿಟ್ಟು ಬೆಳಕಿಗೆ ಹಿಡಿಯಿರಿ. ಹಲ್ಲಿಗೆ ಹಲ್ಲು ಕೂರಬೇಕು, ಸಂದಿಯಿಂದ ಬೆಳಕು ಕಾಣಬಾರದು.

ಅಳತೆ ಖಚಿತವಾದ ಮೇಲೆ ಕಿಟ್ ಕೊಳ್ಳಿ. ಬೆಂಗಳೂರಿನವರಿಗೆ ಎಸ್‌ಜೆಪಿ ರಸ್ತೆ ಇದ್ದೇ ಇದೆ. ಹೆಲಿಕಾಯಿಲ್‌ಗೆ ಅದರದ್ದೇ ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಸಲಕರಣೆ) ಬೇಕು, ಮಾಮೂಲಿ ಎಂ8 ಅಥವಾ ಎಂ10 ಟ್ಯಾಪ್ ನಡೆಯುವುದಿಲ್ಲ. ಡ್ರಿಲ್ ಬಿಟ್ ಕೂಡ ಕಿಟ್‌ನಲ್ಲಿ ಹೇಳಿರುವುದೇ ಇರಲಿ. ಎಂ8ಕ್ಕೆ ಅದು ಸಾಮಾನ್ಯವಾಗಿ 8.3 ಮಿಲಿಮೀಟರ್ ಆಸುಪಾಸು.

ಕೊರೆಯುವುದು

ಎಂಜಿನ್ ಪೂರ್ತಿ ತಣ್ಣಗಿರಲಿ. ತೂತು ನೀರಿನ ದಾರಿಗೆ ತೆರೆದುಕೊಂಡಿದ್ದರೆ ರೇಡಿಯೇಟರ್ ನೀರು ಇಳಿಸಿ. ಸುತ್ತ ಇರುವ ತೂತುಗಳಿಗೆಲ್ಲ ಬಟ್ಟೆ ತುರುಕಿ. ಕನ್ನಡಕ ಹಾಕಿಕೊಳ್ಳಿ. ಬಿಟ್‌ಗೆ ಹಳೇ ತೂತಿನ ಆಳದಷ್ಟಕ್ಕೆ ಟೇಪ್ ಸುತ್ತಿದರೆ ಅದೇ ಗುರುತು. ತುದಿಗೆ ಗ್ರೀಸ್ ಮೆತ್ತಿ, ಪುಡಿ ಅದಕ್ಕೆ ಅಂಟಿಕೊಂಡು ಹೊರಗೆ ಬರುತ್ತದೆ.

ಡ್ರಿಲ್ ನಿಧಾನಕ್ಕೆ ಓಡಲಿ, ಮುಖ್ಯವಾಗಿ ನೆಟ್ಟಗಿರಲಿ. ಒಬ್ಬರೇ ಇದ್ದರೆ ಡ್ರಿಲ್ ವಾಲಿದ್ದು ಗೊತ್ತಾಗುವುದೇ ಇಲ್ಲ. ನಾನು ಮಗಳ ಕೈಗೆ ಮೂಲೆಮಟ್ಟ ಕೊಟ್ಟು ಪಕ್ಕದಲ್ಲಿ ನಿಲ್ಲಿಸಿದ್ದೆ. 'ಅಪ್ಪಾ, ನಿನ್ನ ಕಡೆ ವಾಲ್ತಿದೆ' ಅಂತ ಎರಡು ಸಲ ಹೇಳಿದಳು. ತೂತು ಸೊಟ್ಟಗಾದರೆ ಸರಿಮಾಡಲು ಲೇತ್ ಅಂಗಡಿಗೇ ಹೋಗಬೇಕು.

ಟ್ಯಾಪ್ ಹೊಡೆಯುವುದು

ಅಲ್ಯೂಮಿನಿಯಂಗೆ ಸೀಮೆಎಣ್ಣೆ ಹನಿಸಿದರೆ ಟ್ಯಾಪ್ ಚೆನ್ನಾಗಿ ಕೊರೆಯುತ್ತದೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ಬಂದಾಗ ಪುಡಿ ತುಂಡಾಗುವುದು ಕೈಗೆ ಗೊತ್ತಾಗುತ್ತದೆ. ಗಟ್ಟಿಯಾದರೆ ಒತ್ತಬೇಡಿ, ಟ್ಯಾಪ್ ಹೊರಗೆ ತೆಗೆದು ಒರೆಸಿ ಮತ್ತೆ ಹಾಕಿ. ಟ್ಯಾಪ್ ಒಳಗೆ ಮುರಿದರೆ ಅದನ್ನು ಮಾಮೂಲಿ ಡ್ರಿಲ್‌ನಿಂದ ತೆಗೆಯಲಾಗದು, ಅಷ್ಟು ಗಟ್ಟಿ ಲೋಹ ಅದು. ಮುಗಿದ ಮೇಲೆ ಸೈಕಲ್ ಪಂಪ್‌ನಿಂದ ಗಾಳಿ ಹೊಡೆದು ತೂತು ಒಣ ಬಟ್ಟೆಯಿಂದ ಒರೆಸಿ.

ಸ್ಪ್ರಿಂಗ್ ಕೂರಿಸುವುದು

ಸ್ಪ್ರಿಂಗ್‌ನ ತುದಿಯಲ್ಲಿ ಅಡ್ಡಕ್ಕೆ ಬಾಗಿದ ಸಣ್ಣ ನಾಲಗೆ ಇರುತ್ತದೆ. ಕಿಟ್‌ನ ಸಲಕರಣೆ ಅದನ್ನು ಹಿಡಿದು ತಿರುಗಿಸುತ್ತದೆ. ಕೆಳಕ್ಕೆ ಒತ್ತಬೇಡಿ, ಸುಮ್ನೆ ತಿರುಗಿಸಿ, ತಾನಾಗಿ ಇಳಿಯುತ್ತದೆ. ಮೇಲ್ಮೈಗಿಂತ ಕಾಲು ಸುತ್ತಿನಿಂದ ಅರ್ಧ ಸುತ್ತಿನಷ್ಟು ಕೆಳಗೆ ನಿಲ್ಲಿಸಿ. ಮೇಲೆ ಇಣುಕಿದರೆ ಗ್ಯಾಸ್ಕೆಟ್ (ಸೋರದಂತೆ ನಡುವೆ ಇಡುವ ತೆಳು ಹಾಳೆ) ಸರಿಯಾಗಿ ಕೂರುವುದಿಲ್ಲ. ಹಿಂದಕ್ಕೆ ತಿರುಗಿಸಬೇಡಿ, ಸುರುಳಿ ಬಿಚ್ಚಿಕೊಳ್ಳುತ್ತದೆ. ಕೊನೆಗೆ ಪಂಚ್ ಇಟ್ಟು ಒಂದೇ ಏಟು, ನಾಲಗೆ ಮುರಿಯುತ್ತದೆ. ಅದನ್ನು ಚಿಮುಟದಿಂದ ಹೊರಗೆ ತೆಗೆಯದೆ ಮುಂದೆ ಹೋಗಬೇಡಿ.

ಸ್ಪಾರ್ಕ್ ಪ್ಲಗ್ ತೂತಿನ ಥ್ರೆಡ್ ಹೋಗಿದ್ದರೆ ಮಾತ್ರ ಇದನ್ನು ಮನೆಯಲ್ಲಿ ಮಾಡಬೇಡಿ ಎನ್ನುತ್ತೇನೆ. ಪುಡಿಯೋ ನಾಲಗೆಯೋ ಬೀಳುವುದು ನೇರ ಸಿಲಿಂಡರ್‌ಗೆ. ಹೆಡ್ ಬಿಚ್ಚಿ ಲೇತ್ ಅಂಗಡಿಗೆ ಕೊಡಿ, ಉಕ್ಕಿನ ಬುಶ್ (ಒಳಗೆ ಥ್ರೆಡ್ ಇರುವ ಕೊಳವೆ) ಹಾಕಿಕೊಡುತ್ತಾರೆ.

ಇನ್ನು ಬೋಲ್ಟ್. ಮೊದಲ ಸುತ್ತುಗಳೆಲ್ಲ ಬೆರಳಲ್ಲೇ. ನೀರಿನ ದಾರಿಗೆ ತೆರೆದ ತೂತಾದರೆ ಥ್ರೆಡ್‌ಗೆ ಸೀಲಂಟ್ ಹಚ್ಚಿ. ಟಾರ್ಕ್ ರೆಂಚ್ (ಎಷ್ಟು ಬಿಗಿ ಎಂದು ಅಳೆಯುವ ಸ್ಪ್ಯಾನರ್) ಇದ್ದರೆ ಕಾರಿನ ವರ್ಕ್‌ಶಾಪ್ ಪುಸ್ತಕದಲ್ಲಿರುವ ಅಂಕಿಗೆ ಹೊಂದಿಸಿ, ಇಲ್ಲದಿದ್ದರೆ ಗಿಡ್ಡ ಸ್ಪ್ಯಾನರ್ ಹಿಡಿಯಿರಿ. ಉದ್ದದ್ದನ್ನು ನಾನು ಡಿಕ್ಕಿಯಿಂದಲೇ ತೆಗೆದಿಟ್ಟಿದ್ದೇನೆ. ಎಂಜಿನ್ ಒಂದು ಸಲ ಪೂರ್ತಿ ಬಿಸಿಯಾಗಿ ತಣ್ಣಗಾದ ಮೇಲೆ ಬೋಲ್ಟ್ ಕೆಳಗೆ ಬೆರಳಾಡಿಸಿ ನೋಡಿ, ಒಣಗಿರಬೇಕು.