ಮಳೆಯ ಅಂಕಿ ಹಿಡಿದು ಊರನ್ನು ಸಜ್ಜು ಮಾಡುವುದು ಹೇಗೆ?

‘ಚಿತ್ರದುರ್ಗ ಜಿಲ್ಲೆಗೆ ಆರೆಂಜ್ ಅಲರ್ಟ್’ ಎಂದ ದಿನ ಹೊಳಲ್ಕೆರೆಯಲ್ಲಿ ಮಳೆ ಸುರಿದು, ಪರಶುರಾಂಪುರದ ಕಡೆ ಬರೀ ಧೂಳೆದ್ದರೆ ಅಚ್ಚರಿಯಿಲ್ಲ. ಮುನ್ಸೂಚನೆ ಇಡೀ ಜಿಲ್ಲೆಗೆ ಬರುತ್ತದೆ, ಕೆರೆ ಒಡೆಯುವುದು ಒಂದು ಊರಿನಲ್ಲಿ. ಹಾಗಾಗಿ ಎಷ್ಟು ಮಳೆಗೆ ಯಾರು ಎದ್ದು ಹೊರಡಬೇಕು ಎಂಬುದನ್ನು ಮೇ ತಿಂಗಳಲ್ಲೇ ಪಂಚಾಯಿತಿಯಲ್ಲಿ ಕೂತು ಬರೆದಿಡಬೇಕು. ಮೋಡ ಕಟ್ಟಿದ ಮೇಲೆ ಸಭೆ ಸೇರಲಾಗದು.

ಊರಿನ ಮಳೆ ಲೆಕ್ಕ

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ. ಇವು 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ಕೇಂದ್ರದ ‘ವರುಣಮಿತ್ರ’ ಸಹಾಯವಾಣಿಗೆ (92433 45433) ಕರೆ ಮಾಡುವಾಗ ಹೋಬಳಿ ಮತ್ತು ಪಂಚಾಯಿತಿಯ ಹೆಸರು ಹೇಳಿ. ಬರೀ ತಾಲ್ಲೂಕಿನ ಹೆಸರು ಸಾಲದು.

ಕನಿಷ್ಠ ಹತ್ತು ವರ್ಷದ ಅಂಕಿಗಳನ್ನು ಮಳೆ ನಕ್ಷತ್ರದ ಪ್ರಕಾರ ಜೋಡಿಸಿ. ಆರಿದ್ರ ಜೂನ್ 22ರ ಆಸುಪಾಸು, ಉತ್ತರೆ ಸೆಪ್ಟೆಂಬರ್ 13, ಚಿತ್ತೆ ಅಕ್ಟೋಬರ್ 10ರ ಹೊತ್ತಿಗೆ ಶುರು. ತಿಂಗಳ ಸರಾಸರಿಯಲ್ಲಿ ಮುಚ್ಚಿಹೋಗುವ ಒಣ ದಿನಗಳು 13–14 ದಿನದ ಈ ಲೆಕ್ಕದಲ್ಲಿ ಎದ್ದು ಕಾಣುತ್ತವೆ, ರೈತರ ಬಾಯಲ್ಲಿರುವ ಲೆಕ್ಕವೂ ಇದೇ.

ಮಾಪಕ ದೂರವಿದ್ದರೆ ಊರಲ್ಲೇ ಒಂದು ಇಡಿ. ನೇರ ಗೋಡೆಯ ಯಾವ ಡಬ್ಬಿಯಾದರೂ ಆದೀತು. ಬಾಯಿ ಎಷ್ಟೇ ಅಗಲವಿರಲಿ, ನಿಂತ ನೀರಿನ ಆಳವೇ ಮಿಲಿಮೀಟರ್ ಲೆಕ್ಕದ ಮಳೆ. ಡಬ್ಬಿಯ ಅಂಚು ನೆಲದಿಂದ ಒಂದಡಿ ಮೇಲಿರಲಿ. ಗೋಡೆ, ಮರಗಳಿಂದ ಅವುಗಳ ಎತ್ತರದ ಎರಡು ಪಟ್ಟು ದೂರವಿರಲಿ. ದಿನವೂ ಬೆಳಿಗ್ಗೆ 8.30ಕ್ಕೆ ಅಳೆದು ಚೆಲ್ಲಿ. ಹವಾಮಾನ ಇಲಾಖೆಯ ದಿನ ಶುರುವಾಗುವುದೂ ಆಗಲೇ. ಮಳೆಯಿಲ್ಲದ ದಿನ ‘0’ ಎಂದೇ ಬರೆಯಿರಿ. ಜಾಗ ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ, ಅಳೆಯಲು ಮರೆತರೋ ಮುಂದೆ ಯಾರಿಗೂ ತಿಳಿಯದು.

ಬಣ್ಣದ ಜೊತೆ ಅಂಕಿಯನ್ನೂ ಕೇಳಿ

ಹವಾಮಾನ ಇಲಾಖೆಯ ಅಲರ್ಟ್‌ನಲ್ಲಿ ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಜ್ಜಾಗಿ, ಕೆಂಪು ಎಂದರೆ ಕೆಲಸಕ್ಕಿಳಿಯಿರಿ. 24 ಗಂಟೆಯಲ್ಲಿ 64.5 ಮಿ.ಮೀ. ಮುಟ್ಟಿದರೆ ‘ಭಾರಿ’, 115.6 ಮುಟ್ಟಿದರೆ ‘ಅತಿ ಭಾರಿ’ ಮಳೆ. ನಿನ್ನೆಯ ಮಳೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಒಣಗಿದ ಕೆಂಪು ನೆಲ ಮೊದಲ ಮಳೆಯನ್ನು ಬಹುಪಾಲು ಕುಡಿಯುತ್ತದೆ. ತೋಯ್ದ ನೆಲದ ಮೇಲೆ ಬಿದ್ದ 65 ಮಿ.ಮೀ. ನೇರ ಕೆರೆಗೆ ಓಡುತ್ತದೆ. 100 ಹೆಕ್ಟೇರ್ ಜಲಾನಯನದ (ಕೆರೆಗೆ ನೀರು ಹರಿದು ಬರುವ ನೆಲ) ಮೇಲೆ ಅಷ್ಟು ಮಳೆ ಬಿದ್ದರೆ ಒಟ್ಟು 6.5 ಕೋಟಿ ಲೀಟರ್ ನೀರು. ಅದರಲ್ಲಿ ಅರ್ಧ ಬಂದರೂ ಸಣ್ಣ ಕೆರೆಯ ಕೋಡಿಗೆ, ಅಂದರೆ ಹೆಚ್ಚಾದ ನೀರು ಹೊರಹೋಗುವ ದಾರಿಗೆ, ಹೊರೆ.

ಕೆರೆ ಏರಿ

ಈ ಭಾಗದಲ್ಲಿ ಸೆಪ್ಟೆಂಬರ್–ಅಕ್ಟೋಬರ್ ಮಳೆಯೇ ದೊಡ್ಡದು. ಆಗಸ್ಟ್ ಮುಗಿಯುವುದರೊಳಗೆ ನೀರಗಂಟಿಯ (ಕೆರೆಯ ನೀರು ಬಿಡುವವರು) ಜೊತೆ ಏರಿಯ ಉದ್ದಕ್ಕೂ ನಡೆದು ನೋಡಿ. ಹೆಗ್ಗಣದ ಬಿಲ, ಜಾಲಿ ಬೇರು, ಏರಿ ಕುಸಿದು ತಗ್ಗಾದ ಜಾಗ ಸಿಕ್ಕಲ್ಲಿ ಗುರುತು ಹಾಕಿ ಸರಿಪಡಿಸಿ. ಕೋಡಿಗೆ ಅಡ್ಡ ಬೆಳೆದ ಗಿಡ ಕಡಿಯಿರಿ. ಇನ್ನೊಂದಿಷ್ಟು ನೀರು ನಿಲ್ಲಲಿ ಎಂದು ಕೋಡಿಗೆ ಮರಳುಚೀಲ ಪೇರಿಸುವ ರೂಢಿ ಬಹಳ ಊರುಗಳಲ್ಲಿದೆ. ಇದು ಅಪಾಯ: ಹಾಗೆ ಮಾಡಿದರೆ ನೀರು ಕೋಡಿಯ ಬದಲು ಏರಿಯ ಮೇಲೆಯೇ ಹತ್ತುತ್ತದೆ, ಮಣ್ಣಿನ ಏರಿ ಅದನ್ನು ತಾಳದು.

ಏರಿಯ ಹಿಂಬದಿ ತಿಳಿನೀರು ಜಿನುಗಿದರೆ ದಿನಕ್ಕೆರಡು ಬಾರಿ ನೋಡಿದರೆ ಸಾಕು. ಕೆಸರು ನೀರು ಬಂದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದರ್ಥ. ಆ ತೂತಿಗೆ ಹಿಂಬದಿಯಿಂದ ಮಣ್ಣು ತುರುಕಬೇಡಿ, ನೀರು ಪಕ್ಕದಲ್ಲಿ ಇನ್ನೊಂದು ದಾರಿ ಮಾಡಿಕೊಳ್ಳುತ್ತದೆ. ಸುತ್ತ ಮರಳುಚೀಲದ ಬಳೆ ಕಟ್ಟಿ, ಒಳಗೆ ಮೊದಲು ಮರಳು, ಮೇಲೆ ಜಲ್ಲಿ ಹಾಕಿ. ನೀರು ಹೊರಬರುತ್ತದೆ, ಮಣ್ಣು ನಿಲ್ಲುತ್ತದೆ. ತೂಬು (ಕೆರೆಯಿಂದ ನೀರು ಬಿಡುವ ಬಾಗಿಲು) ತೆಗೆದು ನೀರಿನ ಮಟ್ಟ ಇಳಿಸಿ. ಅಷ್ಟರೊಳಗೆ ಕೆಳಗಿನ ಮನೆಗಳವರನ್ನು ಎತ್ತರದ ಜಾಗಕ್ಕೆ ಕಳಿಸಿ, ತಾಲ್ಲೂಕು ಕಚೇರಿಗೆ ತಿಳಿಸಿ.

ಹೊನ್ನಾಳಿ, ಹರಿಹರದವರು ಮಲೆನಾಡಿನ ಮಳೆ ನೋಡಿ

ತುಂಗಭದ್ರೆಯ ದಂಡೆಯಲ್ಲಿ ಬಿಸಿಲಿದ್ದರೂ ನೆರೆ ಬರುತ್ತದೆ. ಶೃಂಗೇರಿ, ಆಗುಂಬೆ, ತೀರ್ಥಹಳ್ಳಿಯ ಮಳೆಯ ಅಂಕಿ ದಿನವೂ ನೋಡಬೇಕು. ಗಾಜನೂರಿನ ತುಂಗಾ ಅಣೆಕಟ್ಟೆ ಚಿಕ್ಕದು, ಬೇಗ ತುಂಬಿ ಬಂದಷ್ಟೂ ನೀರನ್ನು ಹೊಳೆಗೆ ಬಿಡುತ್ತದೆ. ಲಕ್ಕವಳ್ಳಿಯ ಭದ್ರಾ ಜಲಾಶಯ 186 ಅಡಿ ಮುಟ್ಟುವವರೆಗೆ ನೀರು ಹಿಡಿದುಕೊಳ್ಳಬಲ್ಲದು. ಅದು ತುಂಬಿದ ವರ್ಷ ಎರಡೂ ಕಡೆಯ ನೀರು ಕೂಡ್ಲಿಯಲ್ಲಿ ಸೇರಿ ಒಟ್ಟಿಗೆ ಕೆಳಗಿಳಿಯುತ್ತದೆ. ಸೇತುವೆಯ ಕಂಬಕ್ಕೆ ಅಡಿ ಲೆಕ್ಕದಲ್ಲಿ ಬಣ್ಣದ ಗೆರೆ ಹಾಕಿ. ಎಷ್ಟು ಕ್ಯುಸೆಕ್ ಬಿಟ್ಟಾಗ ಎಷ್ಟು ಗಂಟೆಯ ನಂತರ ನೀರು ಯಾವ ಗೆರೆಗೆ ಬಂತು ಎಂದು ಪ್ರತಿ ಸಲ ಬರೆದಿಟ್ಟರೆ, ಎರಡು ಮೂರು ಮಳೆಗಾಲದಲ್ಲಿ ನಿಮ್ಮ ದಂಡೆಯದೇ ಎಚ್ಚರಿಕೆ ಪಟ್ಟಿ ಸಿದ್ಧವಾಗುತ್ತದೆ.

ಸಿಡಿಲು ಮತ್ತು ಒಣ ದಿನ

ಕುರಿಗಾಹಿಗಳ ಫೋನಿಗೆ ಸಿಡಿಲಿನ ಎಚ್ಚರಿಕೆ ಕೊಡುವ ‘ದಾಮಿನಿ’ ಆ್ಯಪ್ ಹಾಕಿಕೊಡಿ. ನೆಟ್‌ವರ್ಕ್ ಸಿಗದ ಕಾವಲಿನಲ್ಲಿ ಎಣಿಕೆಯೇ ದಾರಿ: ಮಿಂಚು ಕಂಡ 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿ.ಮೀ. ಒಳಗಿದೆ. ಒಂಟಿ ಮರ ಬಿಟ್ಟು ಪಕ್ಕಾ ಮನೆ ಸೇರಬೇಕು, ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಬರಬಾರದು.

ಮಳೆ ಸತತ ಮೂರು ವಾರ ವಾಡಿಕೆಯ ಅರ್ಧಕ್ಕಿಂತ ಕಡಿಮೆಯಾದರೆ ಅದನ್ನು ಬರದ ಮುನ್ಸೂಚನೆ ಎಂದೇ ತಿಳಿಯಿರಿ. ಶೇಂಗಾ ಹೂ ಬಿಟ್ಟು, ಕಾಯಿಯ ಮೊನೆ ಮಣ್ಣಿಗಿಳಿಯುವ ಹೊತ್ತಿನಲ್ಲಿ ಹೀಗಾದರೆ ಇಳುವರಿ ಹೊಡೆತ ಹೆಚ್ಚು. ಕೃಷಿ ಹೊಂಡದ ನೀರನ್ನು ಆ ಹಂತಕ್ಕೇ ಉಳಿಸಿ, ಮೊದಲೇ ಹಾಯಿಸಿ ಮುಗಿಸಬೇಡಿ.

ಸುದ್ದಿ ಮುಟ್ಟಿಸುವುದು

ವಾಟ್ಸ್‌ಆ್ಯಪ್ ಒಂದನ್ನೇ ನೆಚ್ಚಬೇಡಿ. ಗುಡುಗು–ಮಳೆಯಲ್ಲಿ ಕರೆಂಟು ಹೋಗುತ್ತದೆ, ಟವರೂ ನಿಲ್ಲಬಹುದು. ಗುಡಿಯ ಮೈಕಿಗೆ ಬ್ಯಾಟರಿ ಇರಲಿ. ಬಾಣಂತಿಯರು, ಒಂಟಿ ವೃದ್ಧರು, ಅಂಗವಿಕಲರು ಇರುವ ಮನೆಗಳ ಪಟ್ಟಿ ಆಶಾ ಕಾರ್ಯಕರ್ತೆಯ ಕೈಯಲ್ಲಿರಲಿ. ಪ್ರತಿ ಮನೆಗೂ ಹೋಗಿ ಕರೆತರುವವರ ಹೆಸರನ್ನು ಅದೇ ಪಟ್ಟಿಯಲ್ಲಿ ಬರೆಯಿರಿ.

ಬೆಳೆ ವಿಮೆ ಇದ್ದವರು ಆಲಿಕಲ್ಲು ಅಥವಾ ನೆರೆಯಿಂದ ಹಾನಿಯಾದ 72 ಗಂಟೆಯೊಳಗೆ ದೂರು ಕೊಡಬೇಕು. ಕೊಯ್ದು ಹೊಲದಲ್ಲೇ ಒಣಗಲು ಬಿಟ್ಟ ಬೆಳೆ ಅಕಾಲಿಕ ಮಳೆಗೆ ನೆನೆದರೂ, ಕೊಯ್ಲಾಗಿ 14 ದಿನದೊಳಗಿದ್ದರೆ, ಈ ವಿಮೆ ಅನ್ವಯಿಸುತ್ತದೆ. ಹಾನಿಯ ಫೋಟೊ ತೆಗೆದು, ಸರ್ವೆ ನಂಬರ್ ಮತ್ತು ಆ ದಿನದ ಮಳೆಯ ಅಂಕಿ ಬರೆದುಕೊಂಡೇ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ.