ಅಡಿಕೆ ಮಂಡಿಯ ಕಚೇರಿಗೆ ಎರಡು ಇಂಟರ್ನೆಟ್ ದಾರಿ: ಜೋಡಿಸುವ ಕ್ರಮ

ತೀರ್ಥಹಳ್ಳಿಯಂಥ ಊರಿನ ಒಂದು ಅಡಿಕೆ ಮಂಡಿಯ ಕಚೇರಿಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಅಲ್ಲಿ ಹತ್ತು ಹನ್ನೆರಡು ಕಂಪ್ಯೂಟರ್, ಲೆಕ್ಕಪತ್ರದ ಒಂದು ಸರ್ವರ್, ಗೋದಾಮಿಗೆ ಹಾಕಿದ ಎಂಟು ಕ್ಯಾಮೆರಾಗಳು ಇವೆ. ಮೌಲ್ಯ 50,000 ರೂಪಾಯಿ ಮೀರಿದ ಸರಕು ಹೊರರಾಜ್ಯಕ್ಕೆ ಹೊರಡಬೇಕಾದರೆ ಇ-ವೇ ಬಿಲ್ (ಸರಕು ಸಾಗಣೆಗೆ ಇಂಟರ್ನೆಟ್ ಮೂಲಕ ಪಡೆಯುವ ಜಿಎಸ್‌ಟಿ ಪತ್ರ) ಬೇಕೇ ಬೇಕು. ರಾಶಿ ಅಡಿಕೆ ತುಂಬಿದ ಲಾರಿ ಅಂಗಳದಲ್ಲಿ ನಿಂತಿರುವಾಗ ಇಂಟರ್ನೆಟ್ ಹೋದರೆ ಚಾಲಕ, ಹಮಾಲರು, ಗುಮಾಸ್ತರು ಎಲ್ಲರೂ ಕೈಕಟ್ಟಿ ಕೂರಬೇಕಾಗುತ್ತದೆ. ಹಾಗಾಗಿ ಎರಡನೆಯ ಸಂಪರ್ಕ ಹಾಕಿಸುವವರು ಈಗ ಹೆಚ್ಚಾಗಿದ್ದಾರೆ. ಆದರೆ 100 ಎಂಬಿಪಿಎಸ್‌ನ ಎರಡು ಸಂಪರ್ಕ ಸೇರಿದರೆ 200 ಆಗುತ್ತದೆಂಬ ನಿರೀಕ್ಷೆಯಲ್ಲಿ ಈ ಕೆಲಸಕ್ಕೆ ಕೈಹಾಕಬಾರದು. ರೂಟರ್ ಹಂಚುವುದು ಸಂಪರ್ಕಗಳನ್ನೇ ಹೊರತು ಪ್ರತಿ ಪ್ಯಾಕೆಟ್ಟನ್ನಲ್ಲ (ಮಾಹಿತಿಯ ಸಣ್ಣ ತುಣುಕನ್ನಲ್ಲ). ಒಂದು ಕಡತದ ಡೌನ್‌ಲೋಡ್ ಆರಂಭದಿಂದ ಕೊನೆಯವರೆಗೆ ಒಂದೇ ದಾರಿಯಲ್ಲಿ ಸಾಗುತ್ತದೆ. ಯಾವ ಕೆಲಸ ಯಾವ ದಾರಿಯಲ್ಲಿ ಹೋಗಬೇಕು, ಆ ದಾರಿ ಮುಚ್ಚಿದಾಗ ಏನಾಗಬೇಕು ಎಂಬುದನ್ನು ನಾವೇ ನಿರ್ಧರಿಸುವುದು ಇಲ್ಲಿನ ಮುಖ್ಯ ಕೆಲಸ.

ರೂಟರ್ ಕೊಳ್ಳುವ ಮೊದಲು ಕಚೇರಿಯಿಂದ ಹೊರಬಂದು ಕೇಬಲ್ ಹಿಡಿದು ಅರ್ಧ ಕಿಲೋಮೀಟರಾದರೂ ನಡೆಯಿರಿ. ನಾನು ಹಿಂದೆ ನೋಡಿಕೊಳ್ಳುತ್ತಿದ್ದ ಒಂದು ಕಚೇರಿಯಲ್ಲಿ ಎರಡು ಬೇರೆ ಬೇರೆ ಕಂಪನಿಗಳ ಫೈಬರ್ ಇತ್ತು. ಆರಿದ್ರಾ ಮಳೆಯಲ್ಲಿ ಒಂದು ಹಲಸಿನ ಮರ ಉರುಳಿದಾಗ ಎರಡೂ ಒಟ್ಟಿಗೆ ಹೋದವು, ಏಕೆಂದರೆ ಎರಡೂ ಕೇಬಲ್‌ಗಳು ಒಂದೇ ಸಾಲಿನ ವಿದ್ಯುತ್ ಕಂಬಗಳಿಗೆ ಜೋತುಬಿದ್ದಿದ್ದವು. ಬಿಲ್ ಎರಡು ಬರುತ್ತಿತ್ತು, ದಾರಿ ಮಾತ್ರ ಒಂದೇ ಇತ್ತು. ಮಲೆನಾಡಿನಲ್ಲಿ ಒಂದು ಫೈಬರ್ ಮತ್ತು ಒಂದು 4ಜಿ ಸಿಮ್ ರೂಟರ್, ಸಾಧ್ಯವಾದರೆ ಎದುರು ದಿಕ್ಕಿನ ಗುಡ್ಡದ ಟವರಿಗೆ ತಿರುಗಿಸಿದ ಹೊರಗಿನ ಆಂಟೆನಾದೊಂದಿಗೆ, ಎರಡು ಫೈಬರ್‌ಗಳಿಗಿಂತ ಒಳ್ಳೆಯ ಜೋಡಿ ಎಂಬುದು ನನ್ನ ಅಭಿಪ್ರಾಯ. ಮುಂದಿನ ವಿವರಣೆ ಈ ಜೋಡಿಯನ್ನೇ ಆಧರಿಸಿದೆ.

ಕಚೇರಿಯ ಮುಖ್ಯ ರೂಟರ್‌ನಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ರೂಟರ್ ತಂತ್ರಾಂಶ ಮತ್ತು ಹಲವು ಇಂಟರ್ನೆಟ್ ದಾರಿಗಳನ್ನು ನಿಭಾಯಿಸುವ ಅದರ ಎಂವ್ಯಾನ್3 (mwan3) ಪ್ಯಾಕೇಜ್ ಇದೆ ಎಂದುಕೊಂಡು ಬರೆಯುತ್ತಿದ್ದೇನೆ. ಬೇರೆ ರೂಟರ್ ವ್ಯವಸ್ಥೆಗಳಾದ ಮೈಕ್ರೋಟಿಕ್ ಅಥವಾ ಪಿಎಫ್‌ಸೆನ್ಸ್‌ನಲ್ಲಿ ಮೆನುಗಳ ಹೆಸರು ಬೇರೆಯಾದರೂ ತತ್ವ ಇದೇ.

ಮೊದಲ ತೊಡಕು ವಿಳಾಸಗಳದ್ದು. ಕಂಪನಿಗಳು ಕೊಡುವ ಅನೇಕ ಪೆಟ್ಟಿಗೆಗಳು (ಮೋಡೆಮ್‌ಗಳು) 192.168.1.1 ಎಂಬ ಒಂದೇ ವಿಳಾಸವನ್ನು ಇಟ್ಟುಕೊಂಡಿರುತ್ತವೆ, ಮತ್ತು ಒಂದೇ ವಿಳಾಸದ ಎರಡು ದ್ವಾರಗಳಿದ್ದರೆ ನಮ್ಮ ರೂಟರಿಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಫೈಬರ್ ಪೆಟ್ಟಿಗೆಯನ್ನು 192.168.1.1ರಲ್ಲೇ ಬಿಡಿ, 4ಜಿ ಪೆಟ್ಟಿಗೆಯನ್ನು 192.168.2.1ಕ್ಕೆ ಬದಲಿಸಿ, ಕಚೇರಿಯ ಒಳಜಾಲವನ್ನು 192.168.10.1ಕ್ಕೆ ತನ್ನಿ. ನಂತರ ರೂಟರ್‌ನ ಎರಡೂ ವ್ಯಾನ್ (ಹೊರಜಾಲದ) ಇಂಟರ್‌ಫೇಸ್‌ಗಳಿಗೆ ಬೇರೆ ಬೇರೆ ಮೆಟ್ರಿಕ್ (ಆದ್ಯತೆಯ ಅಂಕೆ, ಕಡಿಮೆ ಇದ್ದದ್ದು ಮೊದಲು) ಕೊಡಿ: ಫೈಬರಿಗೆ 10, 4ಜಿಗೆ 20. ಮೆಟ್ರಿಕ್ ಖಾಲಿ ಬಿಟ್ಟರೆ ಅಥವಾ ಎರಡಕ್ಕೂ ಒಂದೇ ಸಂಖ್ಯೆ ಕೊಟ್ಟರೆ ಎಂವ್ಯಾನ್3 ಸರಿಯಾಗಿ ಕೆಲಸ ಮಾಡುವುದಿಲ್ಲ. ಗಂಟೆಗಟ್ಟಲೆ ತಲೆಕೆಡಿಸಿಕೊಂಡ ಮೇಲೆ ದೋಷ ಇಲ್ಲೇ ಇತ್ತೆಂದು ಕಂಡುಕೊಂಡವರಲ್ಲಿ ನಾನೂ ಒಬ್ಬ. ಎರಡೂ ಇಂಟರ್‌ಫೇಸ್‌ಗಳು ಫೈರ್‌ವಾಲ್‌ನ ವ್ಯಾನ್ ವಲಯದಲ್ಲಿ ಇರಬೇಕೆಂಬುದನ್ನೂ ಮರೆಯಬೇಡಿ.

ಇನ್ನು ನಿಯಮಗಳು. ಎಂವ್ಯಾನ್3ನಲ್ಲಿ ಮೊದಲು ಮೆಂಬರ್‌ಗಳನ್ನು (ಒಂದೊಂದು ದಾರಿ), ಅವುಗಳಿಂದ ಪಾಲಿಸಿಗಳನ್ನು (ದಾರಿಗಳನ್ನು ಬಳಸುವ ಕ್ರಮ), ಕೊನೆಗೆ ಯಾವ ದಟ್ಟಣೆಗೆ ಯಾವ ಪಾಲಿಸಿ ಎಂದು ಹೇಳುವ ರೂಲ್‌ಗಳನ್ನು ಬರೆಯುತ್ತೇವೆ. ಮೆಂಬರ್‌ಗೆ ಮೆಟ್ರಿಕ್ ಮತ್ತು ವೆಯ್ಟ್ ಎಂಬ ಎರಡು ಅಂಕೆಗಳಿರುತ್ತವೆ. ಇಲ್ಲಿಯ ಮೆಟ್ರಿಕ್ ಇಂಟರ್‌ಫೇಸಿನ ಮೆಟ್ರಿಕ್‌ಗಿಂತ ಬೇರೆ ಎಂಬುದನ್ನು ಗಮನಿಸಿ. ಒಂದು ಪಾಲಿಸಿಯಲ್ಲಿ ಎರಡು ಮೆಂಬರ್‌ಗಳ ಮೆಟ್ರಿಕ್ ಸಮವಾಗಿದ್ದರೆ ಸಂಪರ್ಕಗಳು ವೆಯ್ಟ್ ಪ್ರಮಾಣದಲ್ಲಿ ಹಂಚಿಹೋಗುತ್ತವೆ. ಮೆಟ್ರಿಕ್ ಬೇರೆಯಾಗಿದ್ದರೆ ಕಡಿಮೆ ಅಂಕೆಯದು ಬದುಕಿರುವವರೆಗೆ ಅದೊಂದೇ ಬಳಕೆಯಾಗಿ, ಅದು ಸತ್ತಾಗ ಮಾತ್ರ ಇನ್ನೊಂದಕ್ಕೆ ಸರದಿ ಬರುತ್ತದೆ. ಎರಡೂ ಫೈಬರ್ ಆಗಿದ್ದರೆ ಹಂಚಿಕೆ ಸರಿ. ಫೈಬರ್ ಮತ್ತು 4ಜಿ ಜೋಡಿಗೆ ಹಂಚಿಕೆಯ ಆಸೆ ಬಿಟ್ಟು, ಮೊದಲು ಫೈಬರ್, ಅದಿಲ್ಲದಾಗ 4ಜಿ ಎಂಬ ಸರಳ ಕ್ರಮವನ್ನೇ ಇಟ್ಟುಕೊಳ್ಳುವುದು ಲೇಸು, ಏಕೆಂದರೆ ಸಿಮ್‌ನ ದಿನದ ಡೇಟಾ ಮಿತಿ ಮಧ್ಯಾಹ್ನದೊಳಗೆ ಮುಗಿದರೆ ಸಂಜೆ ನಿಜವಾಗಿ ಬೇಕಾದಾಗ ಅದು ಕೈಕೊಡುತ್ತದೆ.

ಹಂಚಿಕೆ ಮಾಡಲೇಬೇಕೆಂದಿದ್ದರೆ, ಸುರಕ್ಷಿತ ಜಾಲತಾಣಗಳು ಬಳಸುವ ಪೋರ್ಟ್ 443ರ ದಟ್ಟಣೆಗೆ, ಒಂದು ಕಂಪ್ಯೂಟರನ್ನು ಸ್ವಲ್ಪ ಹೊತ್ತು ಒಂದೇ ದಾರಿಗೆ ಅಂಟಿಸಿಡುವ ಸ್ಟಿಕಿ ಆಯ್ಕೆಯನ್ನು ಕಡ್ಡಾಯವಾಗಿ ಆನ್ ಮಾಡಿ. ಬ್ಯಾಂಕ್‌ನಂಥ ಜಾಲತಾಣಗಳಲ್ಲಿ ಕೆಲವು ಲಾಗಿನ್ ಆದ ಐಪಿ ವಿಳಾಸವನ್ನು ನೆನಪಿಟ್ಟುಕೊಳ್ಳುತ್ತವೆ. ಮುಂದಿನ ಪುಟದ ಕೋರಿಕೆ ಇನ್ನೊಂದು ವಿಳಾಸದಿಂದ ಬಂದರೆ ಅನುಮಾನಪಟ್ಟು ಹೊರಗೆ ಹಾಕುತ್ತವೆ. ಗುಮಾಸ್ತರು ಪಾಸ್‌ವರ್ಡನ್ನೋ ಜಾಲತಾಣವನ್ನೋ ದೂರುತ್ತಾರೆಯೇ ಹೊರತು ರೂಟರ್ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ.

ಕ್ಯಾಮೆರಾಗಳಿಗೆ ಬೇರೆಯದೇ ಪಾಲಿಸಿ ಬೇಕು. ಅವುಗಳಿಗೆ 192.168.10.64ರಿಂದ ಆರಂಭಿಸಿ ಖಾಯಂ ವಿಳಾಸಗಳನ್ನು ಕೊಟ್ಟರೆ, 192.168.10.64/28 ಎಂದು ಬರೆದ ಒಂದೇ ರೂಲ್ 64ರಿಂದ 79ರವರೆಗಿನ ಹದಿನಾರು ವಿಳಾಸಗಳನ್ನೂ ಹಿಡಿಯುತ್ತದೆ. ಈ ರೂಲ್‌ಗೆ ಫೈಬರ್ ಮಾತ್ರ ಇರುವ ಪಾಲಿಸಿಯನ್ನು ಕೊಟ್ಟು, ಅದರ ಕೊನೆಯ ಆಯ್ಕೆಯನ್ನು ‘ಅನ್‌ರೀಚೆಬಲ್’ (ತಲುಪಲಾಗದು) ಎಂದು ಇಡಿ. ಆಗ ಫೈಬರ್ ಹೋದರೂ ಕ್ಯಾಮೆರಾಗಳು ಸಿಮ್‌ನ ಡೇಟಾ ನುಂಗುವುದಿಲ್ಲ, ಚಿತ್ರಗಳು ಒಳಗಿನ ರೆಕಾರ್ಡರ್‌ನಲ್ಲಿ ದಾಖಲಾಗುತ್ತಲೇ ಇರುತ್ತವೆ. ರೂಲ್‌ಗಳನ್ನು ಮೇಲಿನಿಂದ ಕೆಳಕ್ಕೆ ಓದಲಾಗುತ್ತದೆ, ಮೊದಲು ಹೊಂದಿದ್ದೇ ಅಂತಿಮ. ಆದ್ದರಿಂದ ಕ್ಯಾಮೆರಾಗಳ ರೂಲ್ ಎಲ್ಲಕ್ಕಿಂತ ಮೇಲಿರಬೇಕು, ‘ಉಳಿದದ್ದೆಲ್ಲ’ ಎಂಬ ರೂಲ್ ತಳದಲ್ಲಿರಬೇಕು.

ದಾರಿ ಬದುಕಿದೆಯೇ ಸತ್ತಿದೆಯೇ ಎಂದು ರೂಟರ್ ತಿಳಿಯುವುದು ಪಿಂಗ್ ಮೂಲಕ, ಅಂದರೆ ಒಂದು ವಿಳಾಸಕ್ಕೆ ಸಣ್ಣ ಸಂದೇಶ ಕಳಿಸಿ ಉತ್ತರ ಬರುತ್ತದೆಯೇ ಎಂದು ನೋಡಿ. ಪಕ್ಕದಲ್ಲೇ ಇರುವ ಫೈಬರ್ ಪೆಟ್ಟಿಗೆಯನ್ನು ಪಿಂಗ್ ಮಾಡುವುದು ನಿರರ್ಥಕ, ಏಕೆಂದರೆ ಆಚೆ ಕೇಬಲ್ ತುಂಡಾಗಿದ್ದರೂ ಅದು ತಾನು ಚೆನ್ನಾಗಿದ್ದೇನೆಂದೇ ಉತ್ತರಿಸುತ್ತದೆ. 8.8.8.8 ಮತ್ತು 1.1.1.1ರಂಥ ದೂರದ ಎರಡು ವಿಳಾಸಗಳನ್ನು ಕೊಟ್ಟು, ಒಂದು ಉತ್ತರಿಸಿದರೂ ಸಾಕೆಂದು ಹೇಳಿ. ಐದು ಸೆಕೆಂಡಿಗೊಮ್ಮೆ ಪರೀಕ್ಷೆ, ಸತತ ಮೂರು ಬಾರಿ ಸೋತರೆ ದಾರಿ ಮುಚ್ಚಿದೆ, ಸತತ ಹತ್ತು ಬಾರಿ ಗೆದ್ದರೆ ಮಾತ್ರ ತೆರೆದಿದೆ ಎಂದು ನಾನು ಇಡುತ್ತೇನೆ. ಬೀಳಲು ಹದಿನೈದು ಸೆಕೆಂಡ್, ಏಳಲು ಐವತ್ತು ಸೆಕೆಂಡ್ ಎಂಬ ಈ ಅಸಮತೆ ಬೇಕೆಂದೇ ಮಾಡಿದ್ದು: ಗಾಳಿಮಳೆಯಲ್ಲಿ ಕೇಬಲ್ ಜೋಲಾಡುತ್ತ ಸಂಪರ್ಕ ನಿಮಿಷಕ್ಕೆರಡು ಸಲ ಬಂದುಹೋಗುವಾಗ ಕಚೇರಿಯೂ ಅದರೊಂದಿಗೆ ಅತ್ತಿತ್ತ ತೂಗಾಡಬಾರದು. ದಾರಿ ಬದಲಾದಾಗ ಹಳೆಯ ಸಂಪರ್ಕಗಳ ದಾಖಲೆಯನ್ನು ಅಳಿಸುವ ‘ಫ್ಲಶ್ ಕಾನ್‌ಟ್ರ್ಯಾಕ್’ ಆಯ್ಕೆಯನ್ನೂ ಆರಿಸಿ, ಇಲ್ಲವಾದರೆ ಕೆಲವು ತಂತ್ರಾಂಶಗಳು ಸತ್ತ ದಾರಿಗೇ ಅಂಟಿಕೊಂಡು ನಿಲ್ಲುತ್ತವೆ.

ಜಾಲತಾಣದ ಹೆಸರನ್ನು ಐಪಿ ವಿಳಾಸವಾಗಿ ಬದಲಿಸಿಕೊಡುವ ಡಿಎನ್‌ಎಸ್‌ನ ವಿಷಯ ಚಿಕ್ಕದು, ಆದರೆ ಕಾಟ ದೊಡ್ಡದು. ಫೈಬರ್ ಕಂಪನಿಯ ಡಿಎನ್‌ಎಸ್ ಸರ್ವರ್ ಹೊರಗಿನವರ ಪ್ರಶ್ನೆಗಳಿಗೆ ಉತ್ತರಿಸದೆ ಇರಬಹುದು. ಆಗ 4ಜಿ ದಾರಿ ತೆರೆದಿದ್ದರೂ ಯಾವ ಜಾಲತಾಣವೂ ತೆರೆಯುವುದಿಲ್ಲ. ರೂಟರ್‌ನಲ್ಲಿ 9.9.9.9ರಂಥ ಸಾರ್ವಜನಿಕ ಸರ್ವರ್‌ಗಳನ್ನು ನಮೂದಿಸಿ. ಹೊಸ ಬಗೆಯ ಉದ್ದ ವಿಳಾಸಗಳ ವ್ಯವಸ್ಥೆಯಾದ ಐಪಿವಿ6ಅನ್ನು ಎರಡು ಕಂಪನಿಗಳ ನಡುವೆ ಬದಲಿಸುವುದು ಇನ್ನೊಂದು ದೊಡ್ಡ ಅಧ್ಯಾಯ. ಸಣ್ಣ ಕಚೇರಿಯ ಒಳಜಾಲದಲ್ಲಿ ಸದ್ಯಕ್ಕೆ ಅದನ್ನು ಆಫ್ ಮಾಡಿದರೆ ತಪ್ಪೇನಿಲ್ಲ.

ಹೊರಗಿನಿಂದ ಸರ್ವರಿಗೆ ಬರಬೇಕಾದವರಿದ್ದರೆ ಅವರು ಫೈಬರ್‌ನ ಖಾಯಂ ಐಪಿ ಮೂಲಕವೇ ಬರಬೇಕು. ಸಿಮ್‌ಗೆ ಸಿಕ್ಕ ವಿಳಾಸ 100.64ರಿಂದ 100.127ರವರೆಗಿನ ಸಾಲಿನಲ್ಲಿದ್ದರೆ ಅದು ಕಂಪನಿಯೊಳಗೆ ಅನೇಕರಿಗೆ ಹಂಚಿದ ವ್ಯವಸ್ಥೆ, ಅಲ್ಲಿ ಪೋರ್ಟ್ ತೆರೆದು ಪ್ರಯೋಜನವಿಲ್ಲ. ಬೇಕೇಬೇಕಿದ್ದರೆ ಕಚೇರಿಯಿಂದಲೇ ಹೊರಟು ಹೊರಗಿನ ಸರ್ವರ್ ಒಂದನ್ನು ತಲುಪುವ ವೈರ್‌ಗಾರ್ಡ್ (ಸುರಕ್ಷಿತ ಖಾಸಗಿ ಸಂಪರ್ಕ ಕಟ್ಟುವ ತಂತ್ರಾಂಶ) ಸುರಂಗವನ್ನು ಕಟ್ಟಬೇಕು.

ಕರೆಂಟಿನ ಬಗ್ಗೆಯೂ ಹೇಳಬೇಕು, ಇಲ್ಲಿಗೆ ವಿದ್ಯುತ್ ಕೊಡುವ ಮೆಸ್ಕಾಂ ಕಂಪನಿಯ ಗ್ರಾಹಕರಿಗೆ ವಿವರಿಸಬೇಕಾಗಿಲ್ಲ. ಫೈಬರ್ ಪೆಟ್ಟಿಗೆ, 4ಜಿ ಪೆಟ್ಟಿಗೆ, ರೂಟರ್, ಸ್ವಿಚ್ ನಾಲ್ಕೂ ಒಂದೇ ಯುಪಿಎಸ್ ಮೇಲಿರಲಿ; ಮೂರನ್ನು ಇಟ್ಟು ಸ್ವಿಚ್ ಮರೆತ ಕಚೇರಿಗಳನ್ನು ನೋಡಿದ್ದೇನೆ. ಏಪ್ರಿಲ್–ಮೇ ತಿಂಗಳ ಗುಡುಗಿನಲ್ಲಿ ಛಾವಣಿಯ ಆಂಟೆನಾದಿಂದ ಇಳಿಯುವ ತಾಮ್ರದ ಕೇಬಲ್ಲಿಗೆ ಸರ್ಜ್ ರಕ್ಷಕ ಮತ್ತು ಸರಿಯಾದ ಅರ್ಥಿಂಗ್ ಇರಬೇಕು. ಫೈಬರ್ ಗಾಜಾದರೂ ಕಂಬದಿಂದ ಕಟ್ಟಡಕ್ಕೆ ಬರುವ ಕೆಲವು ಡ್ರಾಪ್ ಕೇಬಲ್‌ಗಳೊಳಗೆ ಉಕ್ಕಿನ ತಂತಿ ಇರುವುದರಿಂದ ಆ ತಂತಿಯನ್ನು ಗೋಡೆಯ ಹೊರಗೇ ಕತ್ತರಿಸಿ, ಗಾಜಿನ ಎಳೆಯನ್ನು ಮಾತ್ರ ಒಳಗೆ ತರುವಂತೆ ಹೇಳಿ.

ಕೊನೆಯದು ಪರೀಕ್ಷೆ. ರೂಟರ್‌ನಿಂದ ವ್ಯಾನ್ ಕೇಬಲ್ ಕಿತ್ತು ನೋಡುವುದು ಅರ್ಧ ಪರೀಕ್ಷೆ ಮಾತ್ರ, ಏಕೆಂದರೆ ಆಗ ಪೋರ್ಟ್ ಸತ್ತದ್ದು ರೂಟರಿಗೆ ತಕ್ಷಣ ತಿಳಿಯುತ್ತದೆ. ಬದಲಿಗೆ ಪೆಟ್ಟಿಗೆಯ ಹಿಂದಿನ ಫೈಬರ್ ಕನೆಕ್ಟರನ್ನೇ ತೆಗೆಯಿರಿ. ಅದರ ತುದಿಯನ್ನು ಕಣ್ಣಿಗೆ ಹಿಡಿಯಬೇಡಿ, ಧೂಳು ತಾಗದಂತೆ ಮುಚ್ಚಳ ಹಾಕಿ. ಒಬ್ಬರು ಇ-ವೇ ಬಿಲ್ ಪುಟದಲ್ಲಿ, ಇನ್ನೊಬ್ಬರು ಬ್ಯಾಂಕ್ ಪುಟದಲ್ಲಿ ಕುಳಿತಿರಲಿ, ಗಡಿಯಾರ ನೋಡಿ ಎಷ್ಟು ಸೆಕೆಂಡಿಗೆ ಮತ್ತೆ ಕೆಲಸ ನಡೆಯಿತೆಂದು ಬರೆದಿಡಿ. ಕೆಲವರು ಮತ್ತೆ ಲಾಗಿನ್ ಆಗಬೇಕಾಗುವುದು ಸಹಜ. ಕನೆಕ್ಟರ್ ಮರಳಿ ಹಾಕಿದ ಮೇಲೆ ಎಲ್ಲವೂ ಫೈಬರಿಗೆ ಹಿಂತಿರುಗಿತೇ ಎಂದೂ ನೋಡಿ. ಹಿಂತಿರುಗದೆ ಸಿಮ್‌ನಲ್ಲೇ ಉಳಿದದ್ದು ಡೇಟಾ ಮುಗಿದಾಗಲೇ ತಿಳಿಯುವುದುಂಟು. ಈ ಪರೀಕ್ಷೆಯನ್ನು ಮೇ ಕೊನೆಯ ವಾರದಲ್ಲಿ, ಮುಂಗಾರು ಹಿಡಿಯುವ ಮುನ್ನ, ಅಡಿಕೆ ಟೆಂಡರ್ (ಹರಾಜು) ಇಲ್ಲದ ದಿನ ಮಾಡಿ.