ಶಾಖ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ? ಮನೆಯಲ್ಲೇ ಮಾಡಿ ನೋಡಿ

ಒಂದು ಸ್ಟೀಲ್ ಚಮಚ, ಒಂದು ಮರದ ಚಮಚ ತೆಗೆದುಕೊಂಡು ರಾತ್ರಿಯಿಡೀ ಒಂದೇ ಮೇಜಿನ ಮೇಲೆ ಬಿಡಿ. ಬೆಳಿಗ್ಗೆ ಮುಟ್ಟಿ. ಸ್ಟೀಲ್ ಜಾಸ್ತಿ ತಣ್ಣಗಿದೆ ಅನಿಸುತ್ತದೆ, ಅಲ್ವಾ? ನಿಜವಾಗಿ ಎರಡರ ತಾಪಮಾನವೂ ಒಂದೇ. ಶಾಖ ತಾನಾಗಿಯೇ ಹರಿಯುವುದು ಬಿಸಿ ವಸ್ತುವಿನಿಂದ ತಣ್ಣನೆಯ ವಸ್ತುವಿಗೆ ಮಾತ್ರ, ಹಾಗಾಗಿ ಬೆರಳಿನ ಶಾಖ ಎರಡೂ ಚಮಚಕ್ಕೆ ಹೋಗುತ್ತದೆ, ಆದರೆ ಸ್ಟೀಲ್ ಅದನ್ನು ಸರಸರನೆ ಎಳೆದುಕೊಳ್ಳುತ್ತದೆ, ಮರ ನಿಧಾನ. ಕೈ ಹೇಳುವುದು ಶಾಖ ಎಷ್ಟು ಬೇಗ ಹೋಯಿತು ಅಂತ. ತಾಪಮಾನ ತಿಳಿಯಬೇಕಾದರೆ ಥರ್ಮಾಮೀಟರೇ ಬೇಕು.

ಈಗ ಲೆಕ್ಕ. 80 ಡಿಗ್ರಿಯ 200 ಗ್ರಾಂ ನೀರಿಗೆ 20 ಡಿಗ್ರಿಯ 100 ಗ್ರಾಂ ನೀರು ಸುರಿಯಿರಿ. ಬಹಳ ಜನ 50 ಅಂತಾರೆ. ತಪ್ಪು. ಬಿಸಿನೀರು ಎರಡು ಪಟ್ಟು ಇರುವುದರಿಂದ ಅದು 20 ಡಿಗ್ರಿ ಇಳಿದರೆ ತಣ್ಣೀರು 40 ಡಿಗ್ರಿ ಏರುತ್ತದೆ, ಎರಡೂ 60ಕ್ಕೆ ಬಂದು ನಿಲ್ಲುತ್ತವೆ. ನಿಮ್ಮ ಥರ್ಮಾಮೀಟರ್ ಒಂದೆರಡು ಡಿಗ್ರಿ ಕಡಿಮೆ ತೋರಿಸಿದರೆ ಗಾಬರಿ ಬೇಡ, ಪಾತ್ರೆಯೂ ಗಾಳಿಯೂ ತಮ್ಮ ಪಾಲು ತೆಗೆದುಕೊಂಡಿರುತ್ತವೆ. ಸ್ಟೀಲ್ ಪಾತ್ರೆ ಬಿಟ್ಟು ಥರ್ಮಾಕೋಲ್ ಲೋಟ ಬಳಸಿ, ಮೇಲೊಂದು ಮುಚ್ಚಳ ಹಾಕಿ, ಉತ್ತರ 60ಕ್ಕೆ ಹತ್ತಿರ ಬರುತ್ತದೆ.

ನೀರಿನ ಬದಲು 80 ಡಿಗ್ರಿಗೆ ಕಾದ 200 ಗ್ರಾಂ ಕಬ್ಬಿಣದ ತುಂಡನ್ನು ಅದೇ 100 ಗ್ರಾಂ ತಣ್ಣೀರಿಗೆ ಇಳಿಸಿದರೆ? 60 ಬಿಡಿ, 31ರ ಆಸುಪಾಸಿಗೇ ನಿಲ್ಲುತ್ತದೆ. ಒಂದೇ ತೂಕದ ಕಬ್ಬಿಣ ನೀರಿನ ಒಂಬತ್ತನೇ ಒಂದರಷ್ಟು ಶಾಖವನ್ನೇ ಹಿಡಿದಿಡುವುದು. ಇಕ್ಕಳದಲ್ಲಿ ಹಿಡಿದು ನಿಧಾನವಾಗಿ ಇಳಿಸಿ, ಮೇಲಿಂದ ಹಾಕಿದರೆ ನೀರು ಸಿಡಿಯುತ್ತದೆ.